ಹಾಡು ಯಾವಾಗ ಶುರುವಾಗುತ್ತೆ?

ಮೊನ್ನೆ ಭಾನುವಾರ ಕಾರಿನಲ್ಲಿ ಬರುತ್ತಿದ್ದಾಗ ಮಗಳು ಕೇಳಿದಳು.

"ಅಪ್ಪ, ಹಾಡು ಯಾವಾಗ ಶುರುವಾಗುತ್ತೆ?"

"ಶುರುವಾಗಿ ಆರು ನಿಮಿಷ ಆಯ್ತಲ್ಲ."

"ಇದಲ್ಲ. ಹಾಡು, ಹಾಡು!"

ಹಿಂದಿನ ಸೀಟಿನಿಂದ ಹೆಂಡತಿ, "ನಿಮ್ಮಪ್ಪನ ಹಾಡು ಶುರುವಾಗೋ ಹೊತ್ತಿಗೆ ಮನೆ ಬಂದಿರುತ್ತೆ, ಸುಮ್ನೆ ಕೂತ್ಕೋ" ಅಂದಳು. ಮಗಳ ಬೆರಳು ಆಗಲೇ ಪರದೆಯ ಹತ್ತಿರ ಹೋಗಿತ್ತು, ಮುಂದಕ್ಕೆ ಓಡಿಸೋಕೆ. "ಮುಟ್ಟಬೇಡ" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ ಅಂತ ಕಾಣುತ್ತೆ. ಅವಳು ಇಯರ್‌ಫೋನ್ ತೆಗೆದು ಕಿವಿಗೆ ಸಿಕ್ಕಿಸಿಕೊಂಡು ಕಿಟಕಿ ಕಡೆ ತಿರುಗಿದಳು. ಸರಿ, ನಿನ್ನ ಪಾಡಿಗೆ ನೀನು, ನನ್ನ ಪಾಡಿಗೆ ನಾನು.

ಹಾಡು ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ 'ಶೈನ್ ಆನ್ ಯು ಕ್ರೇಜಿ ಡೈಮಂಡ್'. ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು, ಮಗಳ ಕಷ್ಟ ಅರ್ಥವಾಗುತ್ತದೆ. ಮೊದಲು ಗಾಜಿನ ಲೋಟದ ಅಂಚು ಸವರುವ ಸದ್ದು. ಅವು ನಿಜವಾಗಿಯೂ ಲೋಟಗಳೇ. ವಾದ್ಯಗಳೇ ಬೇಡ, ಮನೆ ಸಾಮಾನಿನಿಂದಲೇ ಒಂದು ಇಡೀ ಆಲ್ಬಂ ಮಾಡೋಣ ಅಂತ ಹೊರಟಿದ್ದ ಪುಣ್ಯಾತ್ಮರು ಇವರು. ರಬ್ಬರ್ ಬ್ಯಾಂಡು, ವೈನ್ ಗ್ಲಾಸು ಎಲ್ಲಾ ಇಟ್ಟುಕೊಂಡು ಒದ್ದಾಡಿ, ಆಮೇಲೆ ಕೈಬಿಟ್ಟರು. ಅದರಲ್ಲಿ ಉಳಿದ ಲೋಟಗಳ ಸದ್ದು ಇಲ್ಲಿಗೆ ಬಂತು. ಅದರ ಮೇಲೆ ಕೀಬೋರ್ಡ್ ಮೆಲ್ಲಗೆ ಹರಡಿಕೊಳ್ಳುತ್ತದೆ. ಗಿಟಾರ್ ಬರುತ್ತದೆ, ಅದಕ್ಕೂ ಯಾವ ಅವಸರವಿಲ್ಲ. ಸುಮಾರು ನಾಲ್ಕು ನಿಮಿಷದ ಹೊತ್ತಿಗೆ ಎಲ್ಲಾ ಅಡಗಿ, ಗಿಟಾರ್ ಒಂದರಿಂದಲೇ ನಾಲ್ಕು ಸ್ವರ ಬೀಳುತ್ತವೆ. ಸ್ವಲ್ಪ ಬಿಟ್ಟು ಮತ್ತೆ ಅದೇ ನಾಲ್ಕು. ಆಮೇಲೆ ಡ್ರಮ್ಸ್. ಮನುಷ್ಯನ ದನಿ ಕೇಳಿಸೋದು ಎಂಟೂವರೆ ನಿಮಿಷ ದಾಟಿದ ಮೇಲೆ. ಮಗಳು ಕೇಳುವ ಹಾಡುಗಳಲ್ಲಿ ಎರಡೋ ಮೂರೋ ಅಷ್ಟು ಹೊತ್ತಿಗೆ ಮುಗಿದಿರುತ್ತವೆ.

ಹಾಡು ಯಾವಾಗ ಶುರುವಾಗುತ್ತೆ? ನ್ಯಾಯವಾದ ಪ್ರಶ್ನೆಯೇ. ವಾರವಿಡೀ ಅದೇ ತಲೆಯಲ್ಲಿ ಓಡುತ್ತಿದೆ. ಆಫೀಸಿನ ಮೀಟಿಂಗಿನಲ್ಲಿ ಯಾರೋ ಪೀಠಿಕೆ ಹಾಕುತ್ತಿದ್ದಾಗಲೂ ಅದೇ ನೆನಪಾಗಿ ನಗು ಬಂತು.

ನಮ್ಮ ವಯಸ್ಸಿನವರು ಇಂಥ ಹೊತ್ತಲ್ಲಿ ಒಂದು ಭಾಷಣ ಶುರು ಮಾಡುತ್ತೇವೆ. ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ, ನಾವಾದರೆ ಗಂಟೆಗಟ್ಟಲೆ ಕೂತು ಕೇಳುತ್ತಿದ್ದೆವು, ಇತ್ಯಾದಿ. ನಿಜ ಹೇಳಬೇಕೆಂದರೆ ನಮ್ಮ ತಾಳ್ಮೆಯಲ್ಲಿ ಅರ್ಧ ಪಾಲು ಟೇಪ್ ರೆಕಾರ್ಡರಿನದು. ಕ್ಯಾಸೆಟ್ ಮುಂದಕ್ಕೆ ಓಡಿಸಿದರೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಹಾಡಿನ ನಡುವೆಯೇ ನಿಲ್ಲುತ್ತಿತ್ತು, ಹಿಂದಕ್ಕೆ ಬಂದರೆ ಇನ್ನೊಂದು ಹಾಡಿನ ಬಾಲ. ಜಾಸ್ತಿ ಓಡಿಸಿದರೆ ಟೇಪು ಸಿಕ್ಕಿಹಾಕಿಕೊಳ್ಳುವ ಭಯ ಬೇರೆ. ಅದಕ್ಕಿಂತ ಎಂಟು ನಿಮಿಷ ಕೂರೋದೇ ವಾಸಿ ಅಂತ ಕೂತೆವು. ಕೂತೂ ಕೂತೂ ಪ್ರೀತಿ ಹುಟ್ಟಿತು. ಮಗಳ ಬೆರಳಿಗೆ ಸಿಗುವ ಸೌಕರ್ಯ ನನ್ನ ಬೆರಳಿಗೆ ಆಗ ಸಿಕ್ಕಿದ್ದರೆ ನಾನು ಈ ಹಾಡಿನ ಮೊದಲ ನಿಮಿಷವನ್ನೂ ದಾಟುತ್ತಿರಲಿಲ್ಲವೇನೋ.

ನಮಗೆ ಈ ಬ್ಯಾಂಡ್ ಸಿಕ್ಕಿದ್ದು ಕಾಲೇಜಿನ ಗೆಳೆಯನ ಅಣ್ಣನಿಂದ. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್. ಒಂದು ಬದಿಯಲ್ಲಿ 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್', ಇನ್ನೊಂದು ಬದಿಯಲ್ಲಿ, ಈ ಹಾಡಿರುವ 1975ರ 'ವಿಶ್ ಯು ವರ್ ಹಿಯರ್'. ಒಂದು ಸುಮಾರು 43 ನಿಮಿಷ, ಇನ್ನೊಂದು 44. ತೊಂಬತ್ತರ ಟೇಪಿಗೆಂದೇ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಅಣ್ಣನ ಟೇಪಿನಿಂದ ಗೆಳೆಯ ಇಳಿಸಿಕೊಂಡ, ಗೆಳೆಯನದರಿಂದ ನಾನು. ಕವರ್ ಇಲ್ಲ, ಚಿತ್ರ ಇಲ್ಲ. 'ವಿಶ್ ಯು ವರ್ ಹಿಯರ್' ಕವರಿನ ಮೇಲಿನ, ಬೆಂಕಿ ಹತ್ತಿಕೊಂಡ ಮನುಷ್ಯ ಇನ್ನೊಬ್ಬನ ಕೈ ಕುಲುಕುವ ಆ ಪ್ರಸಿದ್ಧ ಚಿತ್ರ ನಾನು ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ಅದು ಕೈಚಳಕದ ಚಿತ್ರವಲ್ಲ, ಸ್ಟಂಟ್‌ಮ್ಯಾನ್‌ಗೆ ನಿಜವಾಗಿಯೇ ಬೆಂಕಿ ಹಚ್ಚಿದ್ದರು, ಗಾಳಿ ತಿರುಗಿ ಅವನ ಮೀಸೆ ಸುಟ್ಟಿತ್ತು ಅನ್ನೋದು ಇನ್ನೂ ಆಮೇಲೆ ಗೊತ್ತಾಯಿತು. ಯಾರು ಗಿಟಾರ್, ಯಾರು ಹಾಡೋದು, ಯಾರ ಮುಖ ಹೇಗಿದೆ, ಯಾವುದೂ ಗೊತ್ತಿಲ್ಲದೆ ಅಭಿಮಾನಿಗಳಾದೆವು. ಒಂದು ಲೆಕ್ಕದಲ್ಲಿ ಅದೇ ಚೆನ್ನಾಗಿತ್ತು. ಈಗ ಹಾಡು ಕೇಳುವ ಮೊದಲೇ ಹಾಡುಗಾರ ಬೆಳಗ್ಗೆ ಏನು ತಿಂದ ಅನ್ನೋದು ಗೊತ್ತಿರುತ್ತದೆ.

ಮುಖ ಗೊತ್ತಿಲ್ಲದ ತೊಂದರೆ ನಮಗೊಬ್ಬರಿಗೇ ಅಲ್ಲ. ಈ ಬ್ಯಾಂಡಿನವರನ್ನೇ ರೆಕಾರ್ಡ್ ಕಂಪನಿಯವರು "ನಿಮ್ಮಲ್ಲಿ ಪಿಂಕ್ ಯಾರು?" ಅಂತ ಕೇಳಿದ್ದುಂಟಂತೆ. ಆ ಪ್ರಶ್ನೆಯನ್ನೇ ಎತ್ತಿ 'ವಿಶ್ ಯು ವರ್ ಹಿಯರ್' ಆಲ್ಬಮ್ಮಿನ ಒಂದು ಹಾಡಿನಲ್ಲಿ ಇಟ್ಟುಬಿಟ್ಟರು. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಅಂತ ಅಮೆರಿಕದ ಇಬ್ಬರು ಬ್ಲೂಸ್ ಹಾಡುಗಾರರಿದ್ದರು. ಅವರ ಹೆಸರು ಜೋಡಿಸಿ ಇಟ್ಟವನು ಸಿಡ್ ಬ್ಯಾರೆಟ್. ಅವನ ವಿಷಯಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ನಮ್ಮಪ್ಪ. 'ವಿಶ್ ಯು ವರ್ ಹಿಯರ್' ಹಾಡು ಶುರುವಾಗೋದು ರೇಡಿಯೋ ತಿರುಗಿಸುವ ಸದ್ದಿನಿಂದ. ಗುರ್ ಅನ್ನೋ ಶಬ್ದ, ಯಾರೋ ಮಾತಾಡೋದು, ಯಾವುದೋ ವಾದ್ಯಗೋಷ್ಠಿ ಒಂದು ಕ್ಷಣ ಸಿಕ್ಕಿ ಹೋಗೋದು. ಆಮೇಲೆ ದೂರದಲ್ಲಿ ಸಣ್ಣಗೆ ಒಂದು ಗಿಟಾರ್, ಹಳೇ ರೇಡಿಯೋದೊಳಗಿಂದ ಬಂದ ಹಾಗೆ. ಯಾರೋ ಕೆಮ್ಮುತ್ತಾರೆ. ಕೆಮ್ಮಿದವನು ತನ್ನ ಗಿಟಾರ್ ಎತ್ತಿಕೊಂಡು ರೇಡಿಯೋದ ಗಿಟಾರಿನ ಜೊತೆ ಸೇರುತ್ತಾನೆ. ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಅಪ್ಪ ಒಳಗೆ ಬಂದವರು, "ಸ್ಟೇಷನ್ ಸರಿಯಾಗಿ ಸಿಗ್ತಿಲ್ಲ ನೋಡೋ" ಅಂತ ಬಗ್ಗಿ ತಿರುಗುಗುಂಡಿ ತಿರುಗಿಸತೊಡಗಿದರು. ಇದು ಕ್ಯಾಸೆಟ್ ಅಂದೆ. "ಕ್ಯಾಸೆಟ್ಟಲ್ಲೂ ಸ್ಟೇಷನ್ ಸಿಗಲ್ವಾ?" ಅಂದರು. ಅವರು ತಮಾಷೆ ಮಾಡಿದರೋ ನಿಜವಾಗಿಯೇ ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮಪ್ಪನ ಮುಖ ನೋಡಿ ಹೇಳುವ ಹಾಗಿರಲಿಲ್ಲ.

ಈಗ ಸಿಡ್. ಬ್ಯಾಂಡ್ ಶುರುವಾದಾಗ ಹಾಡು ಕಟ್ಟುತ್ತಿದ್ದವನು, ಮುಂದೆ ನಿಂತು ಹಾಡುತ್ತಿದ್ದವನು ಅವನೇ. 1967ರ ಮೊದಲ ಆಲ್ಬಂ ಹೆಚ್ಚುಕಮ್ಮಿ ಅವನದೇ. ಅದೇ ವರ್ಷ ಅವನ ಮನಸ್ಸು ಹದಗೆಡುತ್ತಾ ಹೋಯಿತು. ಮಾದಕ ವಸ್ತುಗಳ ಪಾಲೂ ಅದರಲ್ಲಿತ್ತು. ವೇದಿಕೆ ಮೇಲೆ ಸುಮ್ಮನೆ ನಿಂತುಬಿಡುತ್ತಿದ್ದ. ಗಿಟಾರ್ ಬಾರಿಸೋಕೆ ಡೇವಿಡ್ ಗಿಲ್ಮೋರ್‌ನನ್ನು ಸೇರಿಸಿಕೊಂಡರು, 1968ರಲ್ಲಿ ಸಿಡ್ ಹೊರಗಾದ. 'ಶೈನ್ ಆನ್' ಅವನ ಬಗ್ಗೆಯೇ ಬರೆದದ್ದು. ಗಿಲ್ಮೋರ್ ಗಿಟಾರಿನಲ್ಲಿ ಹಾಗೇ ಸಿಕ್ಕ ಆ ನಾಲ್ಕು ಸ್ವರ ಕೇಳಿಯೇ, ಬಾಸ್ ಗಿಟಾರ್ ಬಾರಿಸುತ್ತಾ ಹಾಡು ಬರೆಯುತ್ತಿದ್ದ ರೋಜರ್ ವಾಟರ್ಸ್‌ಗೆ ಸಿಡ್ ನೆನಪಾಗಿದ್ದು.

1975ರ ಜೂನ್‌ನಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದಲ್ಲಿ ಈ ಹಾಡಿನ ಕೆಲಸ ನಡೆಯುತ್ತಿದ್ದಾಗ ಒಬ್ಬ ದಪ್ಪ ಮನುಷ್ಯ ಒಳಗೆ ಬಂದ. ತಲೆ ಬೋಳು. ಹುಬ್ಬೂ ಬೋಳಿಸಿಕೊಂಡಿದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಸ್ಟುಡಿಯೋದ ಕೆಲಸದವನಿರಬೇಕು ಅಂದುಕೊಂಡರು. ಅವನು ಸಿಡ್ ಅಂತ ಗೊತ್ತಾಗೋಕೆ ಸುಮಾರು ಹೊತ್ತೇ ಹಿಡಿಯಿತು. ಗೊತ್ತಾದ ಮೇಲೆ ವಾಟರ್ಸ್ ಅತ್ತ. ಆ ದಿನದ ಒಂದು ಫೋಟೋ ಇದೆ, ಡ್ರಮ್ಸ್ ಬಾರಿಸುವ ನಿಕ್ ಮೇಸನ್ ತನ್ನ ಪುಸ್ತಕದಲ್ಲಿ ಹಾಕಿದ್ದಾನೆ. ನೋಡಿದರೆ ನಾವು ಅಂದುಕೊಂಡಿದ್ದ ಯಾವ ಸಿಡ್‌ನೂ ಅಲ್ಲಿಲ್ಲ.

ಈ ಕಥೆಯನ್ನು ನಾವು ಆಗ ಕಣ್ಣರಳಿಸಿ ಹೇಳಿಕೊಳ್ಳುತ್ತಿದ್ದೆವು. ಹುಚ್ಚನಾದ ಪ್ರತಿಭಾವಂತ, ಎಂಥಾ ಗಮ್ಮತ್ತು! ಗೆಳೆಯನಂತೂ ಒಂದು ಸಲ ಹುಬ್ಬು ಬೋಳಿಸಿಕೊಳ್ಳುವ ಮಾತಾಡಿದ್ದ. ಈ ವಾರ ಸುಮ್ನೆ ಹುಟ್ಟಿದ ವರ್ಷಗಳನ್ನು ಹಾಕಿ ಕಳೆದು ನೋಡಿದೆ. ಆ ದಿನ ಸಿಡ್‌ಗೆ 29 ವರ್ಷ. ಗಿಲ್ಮೋರ್‌ಗೂ 29. ಉಳಿದ ಮೂವರಿಗೂ 31. ಅಯ್ಯೋ, ಹುಡುಗರು ಕಣ್ರೀ! ನಾನು ಆ ದನಿಗಳನ್ನು ಕೇಳುವಾಗೆಲ್ಲ ಜೀವನ ಕಂಡ ಹಿರಿಯರು ಅಂತ ಕಲ್ಪಿಸಿಕೊಂಡಿದ್ದೆ. ನಮ್ಮ ಆಫೀಸಿನಲ್ಲಿ ಆ ವಯಸ್ಸಿನವರು ರಜೆ ಕೇಳೋಕೆ ನನ್ನ ಟೇಬಲ್ ಹತ್ತಿರ ಬರುತ್ತಾರೆ. ಆ ವಯಸ್ಸಿಗೆ ಒಬ್ಬ ಗೆಳೆಯನನ್ನು ಕಳೆದುಕೊಂಡು, ಅವನ ಮೇಲೆ ಇಪ್ಪತ್ತಾರು ನಿಮಿಷದ ಹಾಡು ಕಟ್ಟಿ, ಅವನೇ ಬಂದು ನಿಂತಾಗ ಯಾರು ಅಂತ ಗುರುತಿಸಲಾಗದೆ ಹೋಗೋದು ಅಂದರೆ ಏನು? ಗಮ್ಮತ್ತಿನ ಮಾತಲ್ಲ.

ಸಿಡ್ ಆಮೇಲೆ ಕೇಂಬ್ರಿಡ್ಜ್‌ಗೆ, ಅಮ್ಮನ ಮನೆಗೆ ಹೋದ. ಚಿತ್ರ ಬಿಡಿಸಿಕೊಂಡು, ತೋಟ ನೋಡಿಕೊಂಡು ಇದ್ದ. ಅಭಿಮಾನಿಗಳು ಅಲ್ಲಿಗೂ ಹೋಗಿ ಬಾಗಿಲು ಬಡಿಯುತ್ತಿದ್ದರು. ನನಗೆ ಈಗ ಸಿಟ್ಟು ಬರೋದು ಆ ಬಾಗಿಲು ಬಡಿದವರ ಮೇಲೆ. ಅವನು 2006ರ ಜುಲೈನಲ್ಲಿ ತೀರಿಕೊಂಡ. ಅದಕ್ಕೆ ಒಂದು ವರ್ಷ ಮೊದಲು, 2005ರ ಜುಲೈ 2ರಂದು, ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಉಳಿದ ನಾಲ್ವರು 24 ವರ್ಷಗಳ ಮೇಲೆ ಒಟ್ಟಿಗೆ ನಿಂತು ಬಾರಿಸಿದ್ದರು. ಟಿವಿಯಲ್ಲಿ ನೋಡಿ ನಾನು ಮೂಗು ಒರೆಸಿಕೊಂಡಿದ್ದು ಹೌದು. ವಾಟರ್ಸ್ ಮುಖದಲ್ಲಿ ಎಂಥ ಖುಷಿ! ಗಿಲ್ಮೋರ್ ಮುಖದಲ್ಲಿ ಎಷ್ಟು ಬೇಗ ಮುಗಿದೀತು ಅನ್ನೋ ಭಾವ!

ಕೇಳಿಲ್ಲದಿದ್ದರೂ ಹೇಳುತ್ತೇನೆ, ನಾನು ಗಿಲ್ಮೋರ್ ಪಕ್ಷ. ವಾಟರ್ಸ್ ದೊಡ್ಡ ಬರಹಗಾರ, ಒಪ್ಪಿದೆ. ಆದರೆ ಅವನ ಜೊತೆ ಒಂದು ದಿನ ಬಸ್ಸಿನಲ್ಲಿ ಹೋಗೋದೂ ನನ್ನ ಕೈಲಾಗದು. ಮೇಸನ್ ಇಬ್ಬರ ನಡುವೆ ಬದುಕಿ ಉಳಿದ ಜಾಣ. ನನ್ನ ಜೀವ ಮಾತ್ರ ಕೀಬೋರ್ಡಿನ ರಿಕ್ ರೈಟ್ ಕಡೆಗೆ ಎಳೆಯುತ್ತದೆ. 'ದ ವಾಲ್' ಆಲ್ಬಂ ಹೊತ್ತಿಗೆ ವಾಟರ್ಸ್ ಹಟ ಹಿಡಿದು ಅವನನ್ನು ಬ್ಯಾಂಡಿನಿಂದ ಹೊರಗೆ ಹಾಕಿಸಿದ. ಆಮೇಲಿನ ಕಾರ್ಯಕ್ರಮಗಳಲ್ಲಿ ರೈಟ್ ಸಂಬಳಕ್ಕೆ ಬಾರಿಸಿದ. ಆ ದುಬಾರಿ ಕಾರ್ಯಕ್ರಮಗಳಿಂದ ಉಳಿದ ಮೂವರಿಗೂ ನಷ್ಟವಾಯಿತು, ಲಾಭ ಮಾಡಿದ್ದು ಸಂಬಳದವನೊಬ್ಬನೇ. ಈ ಸಂಗತಿ ನೆನೆದಾಗಲೆಲ್ಲ ನನಗೆ ಏನೋ ಸಮಾಧಾನ.

ಮಗಳು ಕಾಯಲಾರದೆ ಹೋದ ಎಂಟೂವರೆ ನಿಮಿಷದಲ್ಲಿ ರೈಟ್ ತುಂಬಾ ಇದ್ದಾನೆ. ಆಮೇಲೆ ಮಾತು ಬಂದರೂ ಹಾಡು ಪೂರ್ತಿ ಅಲ್ಲಿಲ್ಲ. ಒಂಬತ್ತು ಭಾಗ ಮಾಡಿ, ಐದನ್ನು ಆಲ್ಬಮ್ಮಿನ ಮೊದಲಿಗೆ, ನಾಲ್ಕನ್ನು ಕೊನೆಗೆ ಇಟ್ಟಿದ್ದಾರೆ. ಬರಬೇಕಾದವನು ಬರುವುದೇ ಇಲ್ಲ ಅಂತ ಗೊತ್ತಿದ್ದೂ ಬಾಗಿಲು ತೆರೆದು ಕಾಯುವ ಹಾಡು ಅದು, ಬೇಗ ಶುರುವಾಗಿ ಏನು ಮಾಡಬೇಕು? ಇದನ್ನೆಲ್ಲ ಮಗಳಿಗೆ ಹೇಳೋಣ ಅಂದುಕೊಂಡೆ. ಹೇಳಲಿಲ್ಲ. ಅಪ್ಪಂದಿರು ವಿವರಿಸಿದ ಹಾಡು ಯಾವ ಮಕ್ಕಳಿಗೂ ಹಿಡಿಸಿದ್ದನ್ನು ನಾನು ನೋಡಿಲ್ಲ.

ಗೆಳೆಯನಿಗೆ ಫೋನ್ ಮಾಡಿ ಕಾರಿನ ಕಥೆ ಹೇಳಿದೆ. ಅವನು ವಾಟರ್ಸ್ ಪಕ್ಷ. "ಸರಿಯಾಗೇ ಕೇಳಿದ್ದಾಳೆ ಕಣೋ. ವಾಟರ್ಸ್ ಬಾಯಿ ಬಿಟ್ಟಾಗ ತಾನೆ ಹಾಡು ಶುರುವಾಗೋದು?" ಅಂದ. ಅಲ್ಲಿಂದ ಹಳೇ ಜಗಳ. ಯಾವ್ಯಾವುದೋ ದಾಟಿ ಕ್ಯಾಸೆಟ್ಟಿಗೆ ಬಂತು. ವಿಷಯ ಇಷ್ಟೇ: ಒಂಬತ್ತನೇ ಭಾಗದ ತೀರಾ ಕೊನೆಗೆ, ಸದ್ದು ಕರಗಿ ಹೋಗುವ ಹೊತ್ತಿಗೆ, ರೈಟ್ ಸಿಡ್‌ನ 1967ರ 'ಸೀ ಎಮಿಲಿ ಪ್ಲೇ' ಹಾಡಿನ ಒಂದು ತುಣುಕನ್ನು ಸಿಂಥಸೈಸರ್‌ನಲ್ಲಿ ನುಡಿಸುತ್ತಾನೆ. ಕಿವಿಗೊಟ್ಟರೆ ಮಾತ್ರ ಕೇಳಿಸುತ್ತದೆ. ನನ್ನ ಕ್ಯಾಸೆಟ್ಟಿನಲ್ಲಿ ಅದಿರಲಿಲ್ಲ. ಅಷ್ಟು ಹೊತ್ತಿಗೆ ಟೇಪು ಮುಗಿದು ಗುಂಡಿ ಟಕ್ಕಂತ ಮೇಲೆ ಬರುತ್ತಿತ್ತು. ಹಾಡು ಮುಗಿಯೋದೇ ಹಾಗೆ, ಏನು ಧೈರ್ಯ ಇವರಿಗೆ, ನಡುವೆಯೇ ನಿಲ್ಲಿಸಿಬಿಡುತ್ತಾರಲ್ಲ ಅಂತ ನಾನು ವರ್ಷಗಟ್ಟಲೆ ಮೆಚ್ಚಿಕೊಂಡಿದ್ದೆ. ಸಿ.ಡಿ. ಕೊಂಡ ಮೇಲೆ ಉಳಿದದ್ದು ಕೇಳಿಸಿತು.

"ನಿನ್ನ ಟೇಪಲ್ಲೇ ಕಟ್ ಆಗಿತ್ತು, ಅದೇ ನನಗೆ ಬಂತು" ಅಂದೆ.

"ನನ್ನದರಲ್ಲಿ ಪೂರ್ತಿ ಇತ್ತು. ನೀನು ರೆಕಾರ್ಡ್ ಗುಂಡಿ ಒತ್ತಿ, ತುಂಬಾ ಹೊತ್ತು ಬಿಟ್ಟು ಹಾಡು ಹಾಕಿದೆ. ನನಗೆ ಚೆನ್ನಾಗಿ ನೆನಪಿದೆ."

"ಅಣ್ಣನ್ನ ಕೇಳು."

"ಅವನಿಗೆ ಈಗ ಪಿಂಕ್ ಫ್ಲಾಯ್ಡ್ ಹೆಸರೇ ನೆನಪಿದೆಯೋ ಇಲ್ವೋ."

ಎರಡೂ ಕ್ಯಾಸೆಟ್ ಯಾವ ಕಾಲದಲ್ಲೋ ಹಾಳಾಗಿ ಹೋದವು. ಸಾಕ್ಷಿ ಇಲ್ಲ. ವಾಟರ್ಸ್ 1985ರಲ್ಲಿ ಬ್ಯಾಂಡ್ ಬಿಟ್ಟ ಮೇಲೆ ಹೆಸರು ಯಾರದು ಅಂತ ಗಿಲ್ಮೋರ್ ಜೊತೆ ವಕೀಲರನ್ನಿಟ್ಟು ಜಗಳಾಡಿ, 1987ರಲ್ಲಿ ಹೇಗೋ ರಾಜಿಯಾದ. ನಮಗೆ ಅಷ್ಟು ಅನುಕೂಲವೂ ಇಲ್ಲ. ನಾಳೆ ಅವನಣ್ಣನ ನಂಬರ್ ಹುಡುಕಿ ನಾನೇ ಫೋನ್ ಮಾಡುತ್ತೇನೆ.