ಅಮ್ಮನ ನೀಲಿ ಫೈಲು

ಅಮ್ಮನ ನೀಲಿ ಫೈಲು ಇನ್ನೂ ನನ್ನ ಬೀರುವಿನಲ್ಲೇ ಇದೆ. 1984ರಲ್ಲಿ, ನಾವು ಇಂಗ್ಲೆಂಡಿಗೆ ಬಂದ ಹೊಸತರಲ್ಲಿ, ತಮ್ಮನ ಹೆರಿಗೆಯಾದಾಗ ಅವಳಿಗೆ ರಕ್ತ ಕೊಟ್ಟಿದ್ದರು. ಅದರ ಜೊತೆ ಹೆಪಟೈಟಿಸ್ ಸಿ ಅನ್ನುವ, ಲಿವರ್ ಹಾಳುಮಾಡುವ ವೈರಸ್ ಕೂಡ ಬಂತು. ಬ್ರಿಟನ್‌ನಲ್ಲಿ ದಾನದ ರಕ್ತಕ್ಕೆ ಆ ಪರೀಕ್ಷೆ ಶುರುವಾಗಿದ್ದು 1991ರಲ್ಲಿ.

ಪರಿಹಾರಕ್ಕೆ ಅರ್ಜಿ ಹಾಕಿದಾಗ ರಕ್ತ ಕೊಟ್ಟ ದಾಖಲೆ ಕೇಳಿದರು. ಹಳೇ ಫೈಲು ನಾಶವಾಗಿದೆ ಅಂದರು ಆಸ್ಪತ್ರೆಯವರು. ದಾಖಲೆ ಇಲ್ಲ, ಹಾಗಾಗಿ ದುಡ್ಡೂ ಇಲ್ಲ ಅಂತ ಕಾಗದ ಬಂತು. ಅಮ್ಮ ಆ ಕಾಗದದ ಸಾಲುಗಳ ಕೆಳಗೆ ಬೆರಳಿಟ್ಟು ಮೂರು ಸಲ ಓದಿದಳು. ಬೆರಳು ಓಡಾಡಿದ ಜಾಗ ಈಗಲೂ ಮಾಸಲಾಗಿದೆ. ಫೈಲು ಕಳೆದವರು ಅವರು, ಸಾಬೀತು ಮಾಡಬೇಕಾದವಳು ಅಮ್ಮ! ಇದು ಯಾವ ನ್ಯಾಯ?

ಆ ಕಾಲಕ್ಕೆ ಇದ್ದ ಅತ್ಯುತ್ತಮ ಚಿಕಿತ್ಸೆಯನ್ನೇ ಕೊಟ್ಟಿದ್ದೇವೆ ಅಂತ ಸರ್ಕಾರಗಳು ವರ್ಷಗಟ್ಟಲೆ ಹೇಳುತ್ತಾ ಬಂದವು. 2024ರ ಮೇ 20ರಂದು, ಇಂಥ ಸೋಂಕಿನ ರಕ್ತದ ಬಗ್ಗೆ ವಿಚಾರಣೆ ನಡೆಸಿದ ಸರ್ ಬ್ರಿಯಾನ್ ಲ್ಯಾಂಗ್‌ಸ್ಟಾಫ್ ಅವರ ವರದಿ ಆ ಮಾತನ್ನು ಒಪ್ಪಲಿಲ್ಲ. ಸೋಂಕು ತಗುಲಿದವರು 30,000ಕ್ಕೂ ಜಾಸ್ತಿ, ಸತ್ತವರು ಸುಮಾರು 3,000. ಸತ್ಯ ಮುಚ್ಚಿಟ್ಟಿದ್ದೂ ನಿಜ ಅಂತ ಬರೆದರು. ಅಂದೇ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಅದೇ ವರ್ಷ ಅಕ್ಟೋಬರಿನ ಬಜೆಟ್‌ನಲ್ಲಿ ಹೊಸ ಸರ್ಕಾರ ಪರಿಹಾರಕ್ಕೆ ಅಂತ 11.8 ಬಿಲಿಯನ್ ಪೌಂಡ್ ತೆಗೆದಿಟ್ಟಿತು.

ಕ್ಷಮೆಯ ಮಾತು ಕೇಳೋಕೆ ಅಮ್ಮ ಇರಲಿಲ್ಲ. ತೀರಿಹೋದವರ ಪರವಾಗಿ ಮನೆಯವರೂ ಪರಿಹಾರ ಕೇಳಬಹುದು ಅನ್ನುವುದು ಈಗಿನ ನಿಯಮ. ನಿನ್ನೆ ರಾತ್ರಿ ಫೈಲಿನ ದಾರ ಬಿಚ್ಚಿ ಕೂತೆ. ಮೇಲೇ ಇತ್ತು, ಆ ಮಾಸಿದ ಕಾಗದ.