ಅಪ್ಪ ಮಂಚದಂಚಿನಲ್ಲಿ ಕೂತ ದಿನ

ಅಪ್ಪನಿಗೆ ಲಕ್ವ ಹೊಡೆದಿದೆಯೆಂದು ತಿಳಿದು ಆಸ್ಪತ್ರೆಗೆ ಬಂದ ನೆಂಟರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಓಡಾಡುವುದು ಯಾವಾಗ? ಮೆದುಳಿನ ಬಲಭಾಗದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಅವರ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ರಕ್ತದೊತ್ತಡ ಹತೋಟಿಗೆ ಬಂದ ಮರುದಿನ ಬೆಳಿಗ್ಗೆ ಬಂದ ಫಿಸಿಯೋಥೆರಪಿಸ್ಟ್ ನಡಿಗೆಯ ಮಾತೇ ಎತ್ತದೆ, "ಇವತ್ತು ಸರ್ ಮಂಚದ ಅಂಚಿನಲ್ಲಿ ಕೂತರೆ ಸಾಕು" ಎಂದರು.

ಕೂರಿಸುವುದೆಂದರೆ ಎತ್ತುವುದೆಂದು ಭಾವಿಸಿದ ಚಿಕ್ಕಪ್ಪ ಅಪ್ಪನ ಎಡಗೈಗೆ ಕೈಹಾಕಿದಾಗ ಆಕೆ ಥಟ್ಟನೆ ತಡೆದರು. ನನ್ನ ಬೆರಳನ್ನು ಹಿಡಿದು ಅಪ್ಪನ ಎಡಭುಜದ ಮೂಳೆಯ ತುದಿಯ ಕೆಳಗೆ ಇರಿಸಿದರು. ಅಲ್ಲಿ ಬೆರಳು ಒಳಕ್ಕಿಳಿಯುವಷ್ಟು ಹಳ್ಳವಿತ್ತು. ಭುಜದ ಕೀಲನ್ನು ಮುಖ್ಯವಾಗಿ ಹಿಡಿದಿಡುವುದು ಸುತ್ತಲಿನ ಸ್ನಾಯುಗಳೇ ಆದ್ದರಿಂದ, ಅವು ಸಡಿಲಗೊಂಡಿರುವಾಗ ಕೈ ಹಿಡಿದೆಳೆದರೆ ಕೀಲು ಇನ್ನಷ್ಟು ಜಾರಿ, ಮುಂದೆ ತಿಂಗಳುಗಟ್ಟಲೆ ನೋವು ಕಾಡಬಹುದು ಎಂದು ವಿವರಿಸಿದರು. ಬಳಿಕ ಅಪ್ಪನನ್ನು ಮಗ್ಗುಲಿಗೆ ಹೊರಳಿಸಿ, ಕಾಲುಗಳನ್ನು ಕೆಳಗಿಳಿಸಿ, ಬೆನ್ನಿಗೆ ಕೈಕೊಟ್ಟು ಎಬ್ಬಿಸಿ, ಎಡಗೈಯ ಕೆಳಗೆ ದಿಂಬಿಟ್ಟರು.

ಅಪ್ಪ ಎಡಕ್ಕೆ ವಾಲುತ್ತಲೇ, "ನೆಟ್ಟಗೇ ಕೂತಿದ್ದೀನಲ್ಲ" ಎಂದು ರೇಗಿದರು. ಆಕೆ ವಾದಕ್ಕಿಳಿಯಲಿಲ್ಲ. ಪಾದಗಳೆರಡೂ ಕಾಲ್ಮಣೆಯ ಮೇಲೆ ಪೂರ್ತಿ ಊರಿವೆಯೇ ಎಂದು ನೋಡಿ, ತಾವು ಎಡಕ್ಕೆ ಕೂತು, ನೀರಿನ ಲೋಟವನ್ನು ಒಮ್ಮೆ ಎದುರಿಗೆ, ಒಮ್ಮೆ ಬಲಕ್ಕೆ ಹಿಡಿದು ಬಲಗೈಯಿಂದ ಮುಟ್ಟಿಸುತ್ತ ಹೋದರು. ಲೋಟ ಮುಟ್ಟಲು ಬಾಗಿ ಮತ್ತೆ ನೇರವಾಗುವಾಗ ಸೊಂಟ, ಬೆನ್ನು ತಾವಾಗಿ ಕೆಲಸ ಮಾಡಬೇಕಿತ್ತು. ಮುಂದೆ ಎದ್ದು ನಿಲ್ಲಲು ಬೇಕಾದ ತಯಾರಿಯೂ ಅದೇ. ಕೆಲವೇ ನಿಮಿಷಗಳಲ್ಲಿ ಹಣೆ ಬೆವರಿತು, ಮಲಗಿಸಿದರು.

ಇಷ್ಟಕ್ಕೇ ನಿಲ್ಲಿಸುವುದೇಕೆಂದು ಚಿಕ್ಕಪ್ಪ ಗೊಣಗಿದರು. ಅದಕ್ಕೆ ಕಾರಣವನ್ನು ನಾನು ಆಮೇಲೆ ಓದಿ ತಿಳಿದೆ. ಐದು ದೇಶಗಳ 2,104 ರೋಗಿಗಳನ್ನು ಒಳಗೊಂಡು 2015ರಲ್ಲಿ ಪ್ರಕಟವಾದ 'ಅವರ್ಟ್' ಅಧ್ಯಯನದಲ್ಲಿ, ಲಕ್ವ ಹೊಡೆದ 24 ಗಂಟೆಯೊಳಗೇ ಶುರುಮಾಡಿ ಹೆಚ್ಚೆಚ್ಚು ಎಬ್ಬಿಸಿ ಓಡಾಡಿಸಿದವರ ಗುಂಪು, 3 ತಿಂಗಳ ಹೊತ್ತಿಗೆ ಮಾಮೂಲಿ ಆರೈಕೆ ಪಡೆದವರಿಗಿಂತ ತುಸು ಹಿಂದೆಯೇ ಉಳಿದಿತ್ತು. ಸ್ವಲ್ಪ ಸ್ವಲ್ಪ ಹೊತ್ತು, ಆದರೆ ಮತ್ತೆ ಮತ್ತೆ ಎಬ್ಬಿಸುವುದೇ ಮೇಲೆಂದು ಅದರ ಮುಂದಿನ ವಿಶ್ಲೇಷಣೆ ಸೂಚಿಸಿತು. ಹಾಗೆಂದು ಮಲಗಿಸಿಯೇ ಇಡುವುದೂ ಸರಿಯಲ್ಲ. ನಮ್ಮ ಕಡೆ ಎಣ್ಣೆ ತಿಕ್ಕಿಸುವುದಕ್ಕೆ ತೋರುವ ಉತ್ಸಾಹವನ್ನು ಈ ಕೂರುವ ಅಭ್ಯಾಸಕ್ಕೆ ಯಾರೂ ತೋರುವುದಿಲ್ಲ ಎಂಬುದು ನನ್ನ ಅನಿಸಿಕೆ.

ನುಂಗುವ ಪರೀಕ್ಷೆಯಲ್ಲಿ ಪಾಸಾಗಿದ್ದರಿಂದ ಅಪ್ಪನಿಗೆ ಮೆತ್ತಗಿನ ಇಡ್ಲಿ ಸಿಕ್ಕಿತು. ತಟ್ಟೆಯ ಬಲಬದಿಯದನ್ನಷ್ಟೇ ತಿಂದು, "ಚಟ್ನಿ ಯಾಕೆ ಹಾಕಿಲ್ಲ?" ಎಂದು ಅಮ್ಮನನ್ನು ಗದರಿದರು. ಚಟ್ನಿ ಎಡಬದಿಯಲ್ಲಿತ್ತು. ಕಣ್ಣಿನ ದೋಷವಲ್ಲ, ಎಡಗಡೆಯೊಂದು ಇದೆಯೆಂಬುದನ್ನೇ ಮೆದುಳು ಗಮನಿಸುತ್ತಿಲ್ಲ ಎಂದು ಫಿಸಿಯೋಥೆರಪಿಸ್ಟ್ ತಿಳಿಸಿ, ನೋಡಲು ಬಂದವರ ಕುರ್ಚಿಯನ್ನು ಎಡಗಡೆಗೆ ಹಾಕಿಸಿದರು. ಅಂದು ಮಧ್ಯಾಹ್ನ ಮತ್ತೆ ಕೂರಿಸಿದಾಗ ಲೋಟವೂ ಎಡಕ್ಕೆ ಸರಿಯಿತು. ಅಪ್ಪ ಅದನ್ನು ಬಲಗಡೆಯಲ್ಲೇ ಬಹಳ ಹೊತ್ತು ಹುಡುಕಿದರು. "ಇನ್ನೂ ಈ ಕಡೆ, ಸರ್" ಎನ್ನುತ್ತಿದ್ದರೇ ಹೊರತು ಆಕೆ ಲೋಟವನ್ನು ಬಲಕ್ಕೆ ತರಲಿಲ್ಲ.