ಯಂತ್ರಕ್ಕೆ ಅಡಿಕೆ ಆರಿಸಲು ಕಲಿಸಿದ ದಿನ

ತರಬೇತಿಗೆ ಬರುವಾಗ ಪೆನ್ನು ಪುಸ್ತಕ ಬೇಡ, ಒಂದು ಮುಷ್ಟಿ ಚಾಲಿ, ಒಂದು ಮುಷ್ಟಿ ಕೋಕಾ ತನ್ನಿ ಅಂತ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೆ. ಚಾಲಿ ಅಂದರೆ ಒಣಗಿಸಿ ಸುಲಿದ ಬಿಳಿ ಅಡಿಕೆ, ಕೋಕಾ ಅಂದರೆ ಅದರಲ್ಲೇ ಕೀಳು ದರ್ಜೆಯದು. ಶಿರಸಿ ಸೀಮೆಯ ಹಳ್ಳಿ ಅದು. ಚಾಲಿ ಸುಲಿದು ಮುಗಿಯುತ್ತಾ ಬಂದಿತ್ತು. ಸ್ವಸಹಾಯ ಸಂಘದ ಹೆಂಗಸರಿಗೆ ಎಐ ಅಂದರೆ ಏನು ಅಂತ ತೋರಿಸಿಕೊಡಿ ಎಂದು ಕೇಳಿದ್ದರು. ಅಲ್ಗಾರಿದಮ್, ಡೇಟಾ ಅಂತ ಬೋರ್ಡಿನ ಮೇಲೆ ಬರೆಯಲು ಶುರು ಮಾಡಿದರೆ ಅರ್ಧ ಗಂಟೆಯೊಳಗೆ ಎಲ್ಲರಿಗೂ ಕೊಟ್ಟಿಗೆಯ ದನ ನೆನಪಾಗುತ್ತದೆ. ಅದು ಅವರ ತಪ್ಪಲ್ಲ.

ನಾನು ತೆರೆದದ್ದು ಟೀಚಬಲ್ ಮಷಿನ್. ಗೂಗಲ್ 2017ರಲ್ಲಿ ಹೊರತಂದ ಉಚಿತ ಸಾಧನ. ಬ್ರೌಸರಿನಲ್ಲೇ ನಡೆಯುತ್ತದೆ, ಕೋಡ್ ಬರೆಯಬೇಕಿಲ್ಲ. ಪರದೆಯ ಮೇಲಿನ ಒಂದು ಡಬ್ಬಿಗೆ ‘ಚಾಲಿ’ ಅಂತ ಹೆಸರು, ಇನ್ನೊಂದಕ್ಕೆ ‘ಕೋಕಾ’. ಕ್ಯಾಮೆರಾ ಮುಂದೆ ಅಡಿಕೆ ಹಿಡಿದು ಗುಂಡಿ ಒತ್ತಿದರೆ ಫೋಟೋ ಮೇಲೆ ಫೋಟೋ. ಆಮೇಲೆ ಕಲಿ ಅಂದರೆ ಆಯಿತು, ಸ್ವಲ್ಪ ಹೊತ್ತಿನಲ್ಲಿ ಕಲಿತುಬಿಡುತ್ತದೆ. “ನಮ್ಮ ಫೋಟೋ ಎಲ್ಲಿಗೆ ಹೋಗ್ತದೆ?” ಅಂತ ಮೊದಲು ಕೇಳಿದವಳು ಅಲ್ಲಿ ಎಲ್ಲರಿಗಿಂತ ಚಿಕ್ಕವಳು. ನಾವಾಗಿ ಸೇವ್ ಮಾಡಿ ಕಳಿಸದಿದ್ದರೆ ಇದೇ ಕಂಪ್ಯೂಟರಿನಲ್ಲಿ ಉಳಿಯುತ್ತದೆ ಅಂದ ಮೇಲೇ ಕೈ ಮುಂದೆ ಬಂದವು.

ಮೊದಲ ಸುತ್ತು ಸಲೀಸಾಗಿ ಹೋಯಿತು. ಚಾಲಿ ಹಿಡಿದರೆ ಚಾಲಿ, ಕೋಕಾ ಹಿಡಿದರೆ ಕೋಕಾ. ಚಪ್ಪಾಳೆಯೂ ಆಯಿತು. ಆಮೇಲೆ ಇನ್ನೊಬ್ಬರು ಬಂದು ಬೆಳ್ಳಗಿನ ಒಳ್ಳೆ ಚಾಲಿ ಹಿಡಿದರೆ ಅದು ಕೋಕಾ ಅಂತು. ತಿರುಗಿಸಿದರೂ ಕೋಕಾ. ಬೇರೆ ಅಡಿಕೆ ತಂದರೂ ಕೋಕಾ. ಕಾರಣ ನನಗೆ ಹೊಳೆಯುವ ಮೊದಲೇ ಆ ಚಿಕ್ಕವಳು ಹೇಳಿದಳು: “ಅಕ್ಕಾ, ಅದು ಅಡಿಕೆ ನೋಡ್ತಾನೇ ಇಲ್ಲ. ಬಳೆ ನೋಡ್ತಾ ಇದೆ.”

ಹೌದು! ಕೋಕಾ ಫೋಟೋಗಳನ್ನೆಲ್ಲ ತೆಗೆಸಿದ್ದು ಹಸಿರು ಗಾಜಿನ ಬಳೆ ತೊಟ್ಟ ಕೈ. ಈಗ ಚಾಲಿ ಹಿಡಿದವರ ಕೈಯಲ್ಲೂ ಹಸಿರು ಬಳೆ. ಪರೀಕ್ಷೆಗೆ ಬಳೆ ತೊಟ್ಟ ಖಾಲಿ ಕೈ ಚಾಚಿಸಿದೆವು. ಅಡಿಕೆಯೇ ಇಲ್ಲ, ಆದರೂ ಕೋಕಾ. ನಕ್ಕು ನಕ್ಕು ಸಾಕಾಯಿತು. ನಾವು ಏನು ಕಲಿಸಬೇಕು ಅಂದುಕೊಂಡಿದ್ದೇವೋ ಅದು ಯಂತ್ರಕ್ಕೆ ಗೊತ್ತಿಲ್ಲ, ಫೋಟೋಗಳಲ್ಲಿ ಸುಲಭಕ್ಕೆ ಸಿಕ್ಕ ವ್ಯತ್ಯಾಸವನ್ನು ಹಿಡಿದುಕೊಳ್ಳುತ್ತದೆ. ನಾನು ಒಂದು ಗಂಟೆ ಮಾತಾಡಿದ್ದರೂ ಇದು ಇಷ್ಟು ಚೆನ್ನಾಗಿ ಮುಟ್ಟುತ್ತಿರಲಿಲ್ಲ.

ಅದೇ ಬಿಸಿಯಲ್ಲಿ ಅಮೆರಿಕದ ಒಂದು ಸಂಗತಿ ಹೇಳಿದೆ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ದೊಡ್ಡ ಕಂಪನಿಗಳ ಎಐಗಳನ್ನು ಜಾಯ್ ಬುವೊಲಮ್ವಿನಿ, ಟಿಮ್ನಿಟ್ ಗೆಬ್ರು ಅನ್ನುವ ಇಬ್ಬರು ಹೆಂಗಸರು ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದ್ದರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ. 1ಕ್ಕೂ ಕಡಿಮೆ. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಕೆಲವು ಕಂಪನಿಗಳದ್ದು ಶೇ. 34ನ್ನೂ ದಾಟಿತ್ತು. “ಅಲ್ಲೂ ಒಂದೇ ಚೀಲದ್ದು ತೋರ್ಸಿದ್ದಾರೆ ಹಾಗಾದ್ರೆ” ಅಂತ ಹಿಂದಿನಿಂದ ಒಬ್ಬರು ಅಂದರು.

ಮತ್ತೆ ಮೊದಲಿನಿಂದ ಮಾಡಿದೆವು. ಈ ಸಲ ಎಲ್ಲರ ಕೈ, ಬಳೆ ಇದ್ದದ್ದು, ಇಲ್ಲದ್ದು. ಮೊರದ ಮೇಲೆ, ನೆಲದ ಮೇಲೆ, ಕಿಟಕಿಯ ಬೆಳಕಿನಲ್ಲಿ. ಯಂತ್ರ ಚೆನ್ನಾಗಿಯೇ ಸುಧಾರಿಸಿತು. ಆಗ ಊರವರ ಅಂಗಳದಲ್ಲಿ ಕೂಲಿಗೆ ಅಡಿಕೆ ಆರಿಸುವ ಹಿರಿಯರೊಬ್ಬರು ಒಂದು ಅಡಿಕೆ ತೆಗೆದು ಕ್ಯಾಮೆರಾಕ್ಕೆ ಹಿಡಿದರು. ಚಾಲಿ ಅಂತು ಯಂತ್ರ. “ಅಲ್ಲ” ಅಂದರು ಇವರು. ಅಡಕತ್ತರಿ ತರಿಸಿ ಸೀಳಿದರೆ ಒಳಗೆಲ್ಲ ಕಪ್ಪು. “ತೂಕವೇ ಇಲ್ಲ ಇದಕ್ಕೆ. ಕೈಗೆ ಗೊತ್ತಾಗ್ತದೆ.” ಕ್ಯಾಮೆರಾಕ್ಕೆ ತೂಕ ಎಲ್ಲಿಂದ ಗೊತ್ತಾಗಬೇಕು?

ಮಧ್ಯಾಹ್ನ ಫೋನಿನಲ್ಲಿ ಚಾಟ್‌ಬಾಟ್ ಜೊತೆ ಕನ್ನಡದಲ್ಲೇ ಮಾತಾಡಿಸಿದೆ. ಅಪ್ಪೆಮಿಡಿ ಉಪ್ಪಿನಕಾಯಿ ಹೇಗೆ ಹಾಕೋದು ಅಂತ ಕೇಳಿದರೆ, ಮಿಡಿಯನ್ನು ಸಣ್ಣಗೆ ಹೆಚ್ಚಿಕೊಳ್ಳಿ ಅಂತು. ಇಡಿಯಾಗಿಯೇ ಹಾಕುವ ಮಿಡಿಯನ್ನು ಹೆಚ್ಚುವುದಂತೆ! ಇದಾದ ಮೇಲೆ ಅದು ಹೇಳಿದ್ದನ್ನೆಲ್ಲ ನಂಬಬೇಡಿ ಅಂತ ನಾನು ಬೇರೆ ಹೇಳಬೇಕಾಗಲಿಲ್ಲ. ಹಲಸಿನ ಹಪ್ಪಳದ ಪ್ಯಾಕೆಟ್ಟಿಗೆ ನಾಲ್ಕು ಸಾಲು ಬರೆದುಕೊಡು ಅಂದಾಗ ಮಾತ್ರ ಚೆಂದ ಬರೆಯಿತು, ಅದನ್ನು ಸಂಘದವರು ಇಟ್ಟುಕೊಂಡರು. ಓಟಿಪಿ, ಆಧಾರ್ ನಂಬರ್ ಅದಕ್ಕೆ ಹೇಳಬೇಡಿ ಅನ್ನುವುದನ್ನು ಮಾತ್ರ ಒತ್ತಿ ಒತ್ತಿ ಹೇಳಿದೆ.

ಏಳುವ ಹೊತ್ತಿಗೆ ಅಡಿಕೆ ಸೀಳಿದ ಆ ಹಿರಿಯರು ಕೇಳಿದರು: “ಇದು ಪೂರಾ ಕಲ್ತುಬಿಟ್ರೆ ನಂಗೆ ಕೂಲಿಗೆ ಯಾರು ಕರೀತಾರೆ?” ಹಾಗೇನೂ ಆಗುವುದಿಲ್ಲ ಅಂತ ಸಮಾಧಾನ ಹೇಳಲು ಮನಸ್ಸು ಬರಲಿಲ್ಲ. ಕ್ಯಾಮೆರಾ ಇಟ್ಟು ಅಡಿಕೆ ವಿಂಗಡಿಸುವ ಯಂತ್ರಗಳು ಮಾರುಕಟ್ಟೆಗೆ ಬಂದಾಗಿದೆ. ಹಾಗೇ ಹೇಳಿದೆ. ಅವರು ಸ್ವಲ್ಪ ಯೋಚನೆ ಮಾಡಿ, “ಕಲಿಸೋದು ನಾವಲ್ವಾ? ಅದಕ್ಕೂ ಕೂಲಿ ಬೇಕಲ್ಲ” ಅಂದರು.

ಬೆಂಗಳೂರಿನ ಕಾರ್ಯ ಅನ್ನುವ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳ ಜನರಿಂದ ಕನ್ನಡ ಮಾತು ಓದಿಸಿ, ರೆಕಾರ್ಡ್ ಮಾಡಿಸಿ, ಅದಕ್ಕೆ ದುಡ್ಡು ಕೊಟ್ಟಿದೆ ಅಂದೆ. ಎಐಗೆ ಕನ್ನಡ ಕಲಿಸಲು ಬೇಕಾದ ದನಿ ಅದು.

“ಅಡಿಕೆಗೂ ಕೊಡ್ತಾರಾ?”

ಕೊಡುವವರು ಯಾರೂ ನನಗೆ ಗೊತ್ತಿರಲಿಲ್ಲ. ಸಂಘದ ಮುಂದಿನ ಸಭೆಯಲ್ಲಿ ಇದನ್ನೇ ಎತ್ತುತ್ತೇನೆ ಅಂತ ಅವರು ಹೊರಟರು.